ಕತ್ತಿವರಸೆಯ ಚರಿತ್ರೆಯನ್ನು ನಾನು ಉಳಿಸಿದ ಬಗೆ

ಟಾಪ್ಲಿ ದೊರೆಯ ಬಂಗಲೆಗೆ ನಾನು ಹೋದದ್ದು ಔಷಧಿ ಹೊಡೆಯುವ ಪಂಪು ಕೇಳುವುದಕ್ಕೇ ಹೊರತು ಚರಿತ್ರೆ ಉಳಿಸುವುದಕ್ಕಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆಮೇಲೆ ಗೋಣಿಬೀಡಿನ ಅಂಗಡಿ ಜಗಲಿಗಳಲ್ಲಿ "ಗೌಡ್ರಿಗೆ ಬೇರೆ ಕೆಲ್ಸ ಇರ್ಲಿಲ್ಲ, ಪಾಪ" ಎಂಬ ಮಾತು ಹುಟ್ಟಿತು. ಕೆಲಸ ಇತ್ತು. ನನ್ನ ಸಣ್ಣ ತೋಟಕ್ಕೆ ಎಲೆತುಕ್ಕು ರೋಗ ಹತ್ತಿ, ಕಾಫಿ ಗಿಡಗಳೆಲ್ಲ ಅರಿಶಿನ ಹಚ್ಚಿಕೊಂಡ ಮದುಮಕ್ಕಳ ಹಾಗೆ ನಿಂತಿದ್ದವು.

ಆಗ ನಮ್ಮ ಮೂಡಿಗೆರೆ ಸೀಮೆಯ ಒಳ್ಳೊಳ್ಳೆಯ ತೋಟಗಳೆಲ್ಲ ಬಿಳಿ ದೊರೆಗಳ ಕೈಯಲ್ಲಿದ್ದವು. ನಮ್ಮ ಪಕ್ಕದ ಎಸ್ಟೇಟಿನ ಟಾಪ್ಲಿಯ ಹೆಸರನ್ನು ಆಳುಗಳು ನಾಲಿಗೆಗೆ ಒಗ್ಗಿಸಿಕೊಂಡು 'ತಪ್ಲೆ ದೊರೆ' ಮಾಡಿದ್ದರು. ಮನುಷ್ಯ ಒಳ್ಳೆಯವನೇ. ತನಗೆ ಕನ್ನಡ ಬರುತ್ತದೆ ಎಂದು ಅವನು ನಂಬಿದ್ದ. ನನಗೆ ಇಂಗ್ಲಿಷ್ ಬರುತ್ತದೆ ಎಂದು ನಾನು ನಂಬಿದ್ದೆ. ಹಾಗಾಗಿ ನಮ್ಮಿಬ್ಬರ ನಡುವೆ ಯಾವತ್ತೂ ಮನಸ್ತಾಪ ಬಂದಿರಲಿಲ್ಲ. ಒಬ್ಬರ ಮಾತು ಒಬ್ಬರಿಗೆ ಅರ್ಥವಾದರಲ್ಲವೇ ಮನಸ್ತಾಪ!

ಅವತ್ತು ಬಂಗಲೆಯ ವರಾಂಡದಲ್ಲಿ ದೊರೆ ಮುಖಕ್ಕೆ ಹಿಟ್ಟಿನ ಜರಡಿಯಂಥದ್ದೊಂದನ್ನು ಕಟ್ಟಿಕೊಂಡು, ಜಂತಿಗೆ ನೇತುಹಾಕಿದ ಗೋಣಿಚೀಲವನ್ನು ಸಣ್ಣ ಕಂಬಿಯಂಥ ಕತ್ತಿಯಿಂದ ತಿವಿಯುತ್ತಿದ್ದ. ಮುಂದೆ ನೆಗೆಯುವುದು, ತಿವಿಯುವುದು, ಹಿಂದೆ ಸರಿಯುವುದು, ಚೀಲಕ್ಕೆ ನಮಸ್ಕಾರ ಮಾಡುವುದು. ಚೀಲ ಏನು ತಪ್ಪು ಮಾಡಿತ್ತೋ! ತೂತುಗಳಿಂದ ಕಾಫಿ ಸಿಪ್ಪೆ ಸುರಿಯುತ್ತಿತ್ತು. ಎಸ್ಟೇಟಿನ ರೈಟರ್ ಅನಂತಯ್ಯ, ಅಂದರೆ ದೊರೆಯ ಗುಮಾಸ್ತ, ಒಂದು ಟವಲು ಹಿಡಿದುಕೊಂಡು ಗಂಭೀರವಾಗಿ ನಿಂತಿದ್ದ.

"ವೆಲ್ ಗೌಡ," ಎಂದ ದೊರೆ, ಜರಡಿ ತೆಗೆದು. "ಇದು ಫೆನ್ಸಿಂಗ್. ಕತ್ತಿ ಆಟ. ನಾನು ಚರಿತ್ರೆ ಬರೀತದೆ. ನಮ್ಮ ಕ್ಲಬ್ ವಾರ್ಷಿಕೋತ್ಸವದ ನೆನಪಿಗೆ ಪುಸ್ತಕ. ಈ ಬೆಟ್ಟದಲ್ಲಿ ಫೆನ್ಸಿಂಗ್ ಯಾರು ತಂದಿದ್ದು? ನಾವು ತಂದಿದ್ದು. ಮೊದಲು ಏನಿತ್ತು? ಏನಿಲ್ಲ. ಕಾಡು, ಹಂದಿ, ಜಿಗಣೆ."

ಹಂದಿಯ ಸಾಲಿನಲ್ಲಿ ನಮ್ಮ ಅಜ್ಜಂದಿರನ್ನೂ ಸೇರಿಸಿದ ಹಾಗೆ ನನಗೆ ಕೇಳಿಸಿತು. ರಕ್ತ ಕುದಿಯಿತು. ಪಂಪು ಮರೆತುಹೋಯಿತು.

"ದೊರೆ," ಎಂದೆ, ಎದೆ ಉಬ್ಬಿಸಿ, "ಕತ್ತಿವರಸೆ ನಮ್ಮ ನಾಡಿನದು. ನಮ್ಮ ಮನೇಲಿ ಅದು ತಲೆತಲಾಂತರದಿಂದ ನಡ್ಕೊಂಡು ಬಂದಿದೆ!"

ಮಾತು ಹೊರಗೆ ಬಿದ್ದ ಮೇಲೆ ನಾನೂ ಅದನ್ನು ಆಶ್ಚರ್ಯದಿಂದ ಕೇಳಿಸಿಕೊಂಡೆ.

ದೊರೆ ನನ್ನನ್ನು ಅಣಕಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ಸಂತೋಷಪಟ್ಟುಬಿಟ್ಟ! ಓಡಿಬಂದು ಕೈ ಕುಲುಕಿದ. "ವಂಡರ್‌ಫುಲ್! ಗೌಡ, ಈ ಚರಿತ್ರೆ ಉಳೀಬೇಕು! ನೀನು ಕ್ಲಬ್ಬಿಗೆ ಬಾ. ಭಾಷಣ ಮಾಡು. ನಿನ್ನ ಕತ್ತಿ ತಾ. ನಾನು ನೀನು ಆಡಬೇಕು. ನಾನು ಪುಸ್ತಕದಲ್ಲಿ ನಿನಗೆ ಒಂದು ಪೂರಾ ಅಧ್ಯಾಯ ಕೊಡ್ತದೆ."

ಆ ಕ್ಲಬ್ಬಿನ ವಿಚಾರ ನಿಮಗೆ ಹೇಳಬೇಕು. ಅದರ ಒಳಗೆ ಅಲ್ಲಿಯವರೆಗೆ ನಮ್ಮವರು ಹೋಗಿದ್ದರೆ ಟ್ರೇ ಹಿಡಿದುಕೊಂಡು ಹೋಗಿದ್ದರು, ಇಲ್ಲವೇ ಪೊರಕೆ ಹಿಡಿದುಕೊಂಡು. ಅಂಥಲ್ಲಿಗೆ ನಾನು ಮುಂಬಾಗಿಲಿನಿಂದ, ಕತ್ತಿ ಹಿಡಿದುಕೊಂಡು ಹೋಗುವುದು! ಕನಸು ಕಾಣುತ್ತ ಮನೆಗೆ ಬಂದೆ.

"ಪಂಪೆಲ್ಲಿ?" ಎಂದಳು ನನ್ನ ಹೆಂಡತಿ ದೇವಮ್ಮ.

"ಪಂಪಲ್ಲ, ಪರಂಪರೆ!" ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. ಇದು ಒಳ್ಳೆಯ ಲಕ್ಷಣವಲ್ಲ.

"ಅಲ್ಲ ಮಾರಾಯ್ರೆ, ನಮ್ಮನೇಲಿ ಕತ್ತಿವರಸೆ ಆಡಿದ್ದು ಯಾರು?"

"ನಮ್ಮಜ್ಜನ ಕತ್ತಿ ಇಲ್ವೇನೆ ಮನೇಲಿ?"

"ಐತೆ. ಕೊಟ್ಟಿಗೆ ಬಾಗಿಲಿಗೆ ಅಗುಳಿ ಅದೇ ಅಲ್ದಾ? ಅದನ್ನ ತೆಗೆದ್ರೆ ದನ ಎಲ್ಲ ಕಾಫಿ ಕಣಕ್ಕೆ ನುಗ್ತವೆ."

ಹೌದು, ಅಗುಳಿಯೇ. ಒರೆಯ ಸಮೇತ ಅದನ್ನು ಯಾರೋ ಹಿರಿಯರು ಬಾಗಿಲಿಗೆ ಅಡ್ಡ ಕೊಟ್ಟಿದ್ದರು. ಆಯುಧಪೂಜೆಯ ದಿನ ಅಲ್ಲಿಗೇ ಹೋಗಿ ಕುಂಕುಮ ಇಡುತ್ತಿದ್ದೆವು. ಕತ್ತಿಯನ್ನು ಬಿಡಿಸಿ ತಂದು ಸಗಣಿ ತೊಳೆದು ಚಾವಡಿಯಲ್ಲಿಟ್ಟೆ. ಅರ್ಧ ಗಂಟೆಯೊಳಗೆ ದೇವಮ್ಮನ ಭವಿಷ್ಯವಾಣಿ ನಿಜವಾಯಿತು. ದನಗಳನ್ನು ಕಣದಿಂದ ಅಟ್ಟಿ ಬರುವಷ್ಟರಲ್ಲಿ ಸಂಜೆಯಾಯಿತು. ಚರಿತ್ರೆಯ ಮೊದಲ ದಿನ ಹೀಗೆ ಕಳೆಯಿತು.

ಕತ್ತಿ ಸಿಕ್ಕಿತು. ಇನ್ನು ಬೇಕಾದದ್ದು ಎರಡೇ: ಕತ್ತಿವರಸೆ ಮತ್ತು ಅದರ ಚರಿತ್ರೆ. ಎರಡನ್ನೂ ಒಟ್ಟಿಗೆ ಕೊಡುವ ಮಹಾನುಭಾವರನ್ನು ರೈಟರ್ ಅನಂತಯ್ಯ ಪತ್ತೆ ಮಾಡಿಕೊಟ್ಟ.

"ಕಳಸದ ಹತ್ರ ಉಸ್ತಾದ್ ಹಿರಿಯಣ್ಣ ಅಂತ ಇದಾರೆ ಗೌಡ್ರೆ. ಗರಡಿ ಆಳು. ಅವರು ಕತ್ತಿ ಬೀಸಿದ್ರೆ ಮಳೆಹನಿ ಎರಡು ತುಂಡಾಗ್ತದಂತೆ."

"ನೋಡಿದೀರಾ ಅನಂತಯ್ಯ?"

"ಮಳೆ ನೋಡಿದೀನಿ," ಎಂದ ಅವನು.

ಉಸ್ತಾದರನ್ನು ಕರೆಸಿದೆ. ಬಸ್ಸಿನಿಂದ ಮೊದಲು ಅವರ ಮೀಸೆ ಇಳಿಯಿತು, ಆಮೇಲೆ ಹೊಟ್ಟೆ, ಕೊನೆಗೆ ಅವರು. ಮನೆಗೆ ಬಂದವರೇ ಕತ್ತಿಯನ್ನು ಕಣ್ಣೆತ್ತಿಯೂ ನೋಡದೆ, ಹಿತ್ತಲ ಕೋಳಿಗೂಡನ್ನು ಬಹಳ ಹೊತ್ತು ನೋಡಿದರು.

"ವಿದ್ಯೆ ಕಲಿಯೋ ಮನೆ ಅಂದ್ರೆ ಹೀಗಿರ್ಬೇಕು," ಎಂದರು.

ಬೆಳಿಗ್ಗೆ ಪಾಠ, ಮಧ್ಯಾಹ್ನ ಊಟವಾದ ಮೇಲೆ ಚರಿತ್ರೆ ಎಂದು ಗೊತ್ತಾಯಿತು. ಪಾಠವೆಂದರೆ ನಿಲ್ಲುವುದು. "ಕತ್ತಿವರಸೆ ಕೈಯಲ್ಲಿಲ್ಲ ಗೌಡ್ರೆ, ಕಾಲಲ್ಲೈತೆ," ಎಂದು ಹೇಳಿ ಉಸ್ತಾದರು ನನ್ನನ್ನು ಅಂಗಳದಲ್ಲಿ ಮಂಡಿ ಬಗ್ಗಿಸಿ, ಸೊಂಟ ಇಳಿಸಿ, ಕೂತೂ ಕೂರದ ಭಂಗಿಯಲ್ಲಿ ನಿಲ್ಲಿಸುತ್ತಿದ್ದರು. ತಾವು ಜಗಲಿಯ ಮೇಲೆ ಒರಗಿಕೊಂಡು "ಇನ್ನೂ ಕೆಳಗೆ, ಇನ್ನೂ ಕೆಳಗೆ" ಎನ್ನುತ್ತಿದ್ದರು. ಹೀಗೆ ನಿಂತ ನನ್ನ ಮುಂದೆಯೇ ತೋಟದ ಹೆಣ್ಣಾಳುಗಳು ಕೆಲಸಕ್ಕೆ ಹೋಗಬೇಕಾಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಓಡುತ್ತಿದ್ದರು. ಗೌಡರಿಗೆ ಹೊಟ್ಟೆ ಕೆಟ್ಟಿದೆಯೆಂದೂ, ಹಿತ್ತಲವರೆಗೂ ಹೋಗಲಾರರೆಂದೂ ಆಳುಗಳ ಲೈನುಮನೆಗಳಲ್ಲೆಲ್ಲ ಸುದ್ದಿಯಾಯಿತು. ಒಬ್ಬಳು ಪುಣ್ಯಾತ್ಗಿತ್ತಿ ದೇವಮ್ಮನ ಕೈಗೆ ದಾಳಿಂಬೆ ಸಿಪ್ಪೆಯ ಕಷಾಯವನ್ನೂ ತಂದುಕೊಟ್ಟಳು.

ಚರಿತ್ರೆಯ ಭಾಗ ಇದಕ್ಕಿಂತ ಸುಖವಾಗಿತ್ತು. ಉಸ್ತಾದರು ಹೇಳುವುದು, ನಾನು ಬರೆದುಕೊಳ್ಳುವುದು. ಆದರೆ ಸ್ವಲ್ಪ ದಿನದಲ್ಲೇ ನನಗೊಂದು ವಿಚಿತ್ರ ಕಾಣಿಸಿತು. ದೇವಮ್ಮ ಕೋಳಿ ಸಾರು, ಕಡುಬು ಮಾಡಿದ ದಿನ ಉಸ್ತಾದರ ಮುತ್ತಜ್ಜ ಪಾಳೆಯಗಾರರ ಸೇನಾಪತಿ. ಒಬ್ಬನೇ ನಿಂತು ಘಟ್ಟದ ದಾರಿಯನ್ನು ಕಾದವನು. ಹುರುಳಿ ಸಾರಿನ ದಿನ ಅದೇ ಮುತ್ತಜ್ಜ ಬರೀ ಸಿಪಾಯಿ. ಒಂದು ದಿನ ಬರೀ ಮಜ್ಜಿಗೆ, ಉಪ್ಪಿನಕಾಯಿ ಇತ್ತು. ಅವತ್ತು ಮುತ್ತಜ್ಜ ಕುದುರೆಗೆ ಹುಲ್ಲು ಹಾಕುವವನಾಗಿಬಿಟ್ಟ!

ನಾನು ಬೆದರಿಹೋದೆ. ನಮ್ಮ ಸೀಮೆಯ ಮಾನ ಕೋಳಿಗೂಡಿನ ಮೇಲೆ ನಿಂತಿತ್ತು.

"ದೇವಮ್ಮ, ನಾಳೆ ಹುಂಜ ಕೊಯ್ಯಬೇಕು. ನಾಳೆ ದೊಡ್ಡ ಯುದ್ಧದ ವಿಚಾರ ಹೇಳ್ತಾರಂತೆ."

"ನಿನ್ನೆ ಕೋಟೆ ಗೆದ್ದಿದ್ದಕ್ಕೆ ಮೊಟ್ಟೆ ಇಡೋ ಹ್ಯಾಟೆ ಹೋಯ್ತು," ಎಂದಳು ಅವಳು. "ಇನ್ನೆಷ್ಟು ಕೋಟೆ ಬಾಕಿ ಅವೆ, ಕೇಳಿ ಬನ್ನಿ. ಅಷ್ಟು ಕೋಳಿ ಇಲ್ಲ ನನ್ನತ್ರ."

"ಚರಿತ್ರೆ ಉಳೀಬೇಕಾದ್ರೆ ತ್ಯಾಗ ಮಾಡ್ಬೇಕು ಕಣೆ."

"ತ್ಯಾಗ ಮಾಡ್ತಿರೋದು ಕೋಳಿ," ಎಂದು ಅವಳು ಒಲೆಯ ಕಡೆ ತಿರುಗಿದಳು. ಆಮೇಲೆ ಸ್ವಲ್ಪ ಮೆತ್ತಗೆ ಹೇಳಿದಳು: "ಕತ್ತಿ ವಿಚಾರ ನಮ್ಮಜ್ಜಿ ಹೇಳೋರು. ಅವರ ತವರಲ್ಲಿ ಗಂಡಸ್ರೆಲ್ಲ ಕತ್ತಿ ಆಡೋರಂತೆ, ಸುಗ್ಗಿ ಮುಗಿದ ಮೇಲೆ, ಗದ್ದೆ ಬಯಲಲ್ಲಿ. ಆಮೇಲೆ ಸರ್ಕಾರದೋರು ಆಯುಧ ಎಲ್ಲ ತಂದೊಪ್ಪಿಸಿ ಅಂದ್ರಂತೆ. ಒಪ್ಪಿಸಕ್ಕೆ ಮನ್ಸು ಬರ್ಲಿಲ್ಲ. ಕುಲುಮೆಗೆ ಕೊಟ್ಟು ಕುಡುಗೋಲು ಮಾಡಿಸ್ಕೊಂಡ್ರಂತೆ. ಅಜ್ಜಿ ಭತ್ತ ಕೊಯ್ತಿದ್ದದ್ದು ಅದ್ರಲ್ಲೇ. ಹಿಡಿಯಕ್ಕೆ ಭಾರ ಅನ್ನೋರು."

ಒಂದು ಗಳಿಗೆ ಮನಸ್ಸಿಗೆ ಏನೋ ತಟ್ಟಿತು, ಸುಳ್ಳು ಹೇಳುವುದಿಲ್ಲ. ಆದರೆ ಬರೆದುಕೊಳ್ಳಲಿಲ್ಲ. ಅದರಲ್ಲಿ ಸೇನಾಪತಿ ಇರಲಿಲ್ಲ, ಕೋಟೆ ಇರಲಿಲ್ಲ. ಕ್ಲಬ್ಬಿನಲ್ಲಿ ದೊರೆಸಾನಿಯರ ಮುಂದೆ ಕುಡುಗೋಲಿನ ಮಾತಾಡುವುದೇ? ಹುಂಜವನ್ನೇ ಕೊಯ್ಯಿಸಿದೆ.

ಇತ್ತ ದೊರೆ ತನ್ನ ರೈಟರಿಗೆ, ಸುತ್ತಲಿನ ಊರಿನವರೂ ಬರಲಿ, ಅವರ ಚರಿತ್ರೆಯಲ್ಲವೇ ಎಂದು ಹೇಳಿದನಂತೆ. ಉದಾರ ಮನಸ್ಸು. ಊರಿನವರು ಕ್ಲಬ್ಬಿನ ವರಾಂಡದವರೆಗೆ ಬರಬಹುದು, ಒಳಗೆ ಮಾತ್ರ ಕಾಲಿಡಬಾರದು. ಅನಂತಯ್ಯ ಅದನ್ನು ಕನ್ನಡದಲ್ಲಿ ಬರೆದು ಗೋಣಿಬೀಡಿನ ಅಂಗಡಿಗೂ ಆಲ್ದೂರಿನ ಅಂಗಡಿಗೂ ಅಂಟಿಸಿದ. 'ಕತ್ತಿವರಸೆ' ಎಂದು ಬರೆದಿದ್ದರೆ ಅವನ ಗಂಟೇನು ಹೋಗುತ್ತಿತ್ತೋ! ದೊರೆಯ ಬಾಯಿಂದ ಬಂದ ಮಾತನ್ನು ಬದಲಾಯಿಸಬಾರದು ಎಂಬ ನಿಷ್ಠೆಯಿಂದ, 'ನಮ್ಮ ಸೀಮೆಯ ಫೆನ್ಸಿಂಗ್ ಚರಿತ್ರೆ ಕುರಿತು ಗೌಡರ ಭಾಷಣ. ದೊರೆಗಳ ಸಮಕ್ಷಮ' ಎಂದು ಬರೆದ.

ನಮ್ಮ ಕಾಫಿ ಸೀಮೆಯಲ್ಲಿ ಫೆನ್ಸಿಂಗ್ ಎಂದರೆ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ: ಮುಳ್ಳುತಂತಿ ಬೇಲಿ!

ಇದು ನನಗೆ ತಿಳಿಯಲಿಲ್ಲ. ವಾರ್ಷಿಕೋತ್ಸವದ ದಿನ ಜರಿಪೇಟ ಇಟ್ಟು, ಕಚ್ಚೆಪಂಚೆ ಉಟ್ಟು, ಮೇಲೆ ಕರಿಕೋಟು ತೊಟ್ಟು, ಸೊಂಟಕ್ಕೆ ಕತ್ತಿ ಬಿಗಿದುಕೊಂಡು ಉಸ್ತಾದರ ಜೊತೆ ಮೂಡಿಗೆರೆಗೆ ಬಂದಾಗ, ಕ್ಲಬ್ಬಿನ ಮುಂದೆ ಸೇರಿದ್ದ ಜನವನ್ನು ನೋಡಿ ನನ್ನ ಕಣ್ಣು ತುಂಬಿಬಂತು. ಮಳೆಗಾಲ ಹಿಡಿಯುವ ಹೊತ್ತಾದ್ದರಿಂದ ಎಲ್ಲರ ಕೈಯಲ್ಲೂ ಕೊಡೆ. ಕೆಲವರ ಕಂಕುಳಲ್ಲಿ ಹಳೆಯ ನಕ್ಷೆಗಳು.

"ನೋಡಿ ಉಸ್ತಾದ್ರೆ! ಕತ್ತಿವರಸೆ ಮೇಲೆ ನಮ್ಮ ಜನಕ್ಕೆ ಎಂಥ ಅಭಿಮಾನ!"

ಉಸ್ತಾದರು ಜನವನ್ನಲ್ಲ, ಕಿಟಕಿಯೊಳಗೆ ಕಾಣುತ್ತಿದ್ದ ಕೇಕನ್ನು ನೋಡುತ್ತಿದ್ದರು.

ಗೋಣಿಬೀಡಿನ ಮಂಜೇಗೌಡ ಬಂದು ನನ್ನ ಕೈ ಹಿಡಿದುಕೊಂಡ. "ನೀವಾದ್ರೂ ಈ ವಿಚಾರ ಕೈಗೆತ್ತಿಕೊಂಡ್ರಲ್ಲ ಗೌಡ್ರೆ, ನೂರು ವರ್ಷ ಬಾಳಿ. ದೊರೆಗಳ ಮುಂದೆ ಸತ್ಯ ಹೇಳ್ಬೇಕು ನೀವು."

ಅವನ ಹಿಂದೆಯೇ ಸಿದ್ದೇಗೌಡ ಬಂದ. ಅವನು ಮಂಜೇಗೌಡನ ಪಕ್ಕದ ತೋಟದವನು. ಇಬ್ಬರೂ ಮಾತಾಡಿ ವರ್ಷಗಳೇ ಆಗಿದ್ದವು. "ಹೆದರ್ಕೋಬೇಡಿ. ನಾವೆಲ್ಲ ನಿಮ್ಮ ಹಿಂದಿದೀವಿ," ಎಂದ. ಕತ್ತಿವರಸೆ ಹಗೆಗಳನ್ನೂ ಒಂದುಮಾಡಿತಲ್ಲ ಎಂದು ನಾನು ಅವನ ಕೈಯನ್ನೂ ಕುಲುಕಿದೆ.

ಮುಂಬಾಗಿಲಿನಿಂದಲೇ ಒಳಗೆ ಹೋದೆ. ದೊರೆಗಳು, ದೊರೆಸಾನಿಯರು ಅರ್ಧಚಂದ್ರಾಕಾರವಾಗಿ ಕುಳಿತಿದ್ದರು. ಊರಿನವರು ತೆರೆದ ಬಾಗಿಲುಗಳ ಆಚೆ ವರಾಂಡದಲ್ಲಿ ಕಿಕ್ಕಿರಿದು ನಿಂತರು. ಟಾಪ್ಲಿ ದೊರೆ ನನ್ನನ್ನು ಪರಿಚಯಿಸಿದ. ನಾನು ಕನ್ನಡದಲ್ಲಿ ಮಾತಾಡುವುದು, ಅನಂತಯ್ಯ ಇಂಗ್ಲಿಷಿಗೆ ತಿರುಗಿಸುವುದು ಎಂದು ಏರ್ಪಾಟಾಗಿತ್ತು. ದೊರೆಗಳಿಗೆ ಗೌರವ ತೋರಿಸಲು ನಾನೂ ಕತ್ತಿವರಸೆಯನ್ನು 'ಫೆನ್ಸಿಂಗ್' ಎಂದೇ ಕರೆಯಲು ತೀರ್ಮಾನಿಸಿದ್ದೆ. ನನ್ನ ಸ್ವಂತ ಬುದ್ಧಿ!

"ಮಹನೀಯರೇ," ಎಂದು ಶುರುಮಾಡಿದೆ. "ನಮ್ಮ ಸೀಮೆಯಲ್ಲಿ ಫೆನ್ಸಿಂಗ್ ಬಹಳ ಪುರಾತನವಾದದ್ದು. ನಮ್ಮ ಅಜ್ಜಂದಿರು ಅದಕ್ಕಾಗಿ ಪ್ರಾಣ ಕೊಟ್ಟರು!"

"ಹೌದೌದು! ನಮ್ಮಜ್ಜ ಕೊಟ್ಟ!" ಎಂದಿತು ವರಾಂಡ.

ಇಷ್ಟು ಚುರುಕಾದ ಸಭೆಯನ್ನು ನಾನು ಕಂಡಿರಲಿಲ್ಲ. ಹುರುಪು ಏರಿತು.

"ಆದರೆ ಇಂದು ಆ ಫೆನ್ಸಿಂಗ್ ಎಲ್ಲಿದೆ? ಹಾಳಾಗಿದೆ! ಯಾರಿಂದ ಹಾಳಾಯಿತು? ಹೊರಗಿನವರಿಂದಲೇ? ಅಲ್ಲ! ನಮ್ಮ ನಮ್ಮ ನೆರೆಹೊರೆಯವರಿಂದಲೇ ಹಾಳಾಯಿತು!"

"ಅಗೋ ನೋಡಪ್ಪ, ಹೇಳೇಬಿಟ್ರು!" ಎಂದು ಮಂಜೇಗೌಡ ಕೂಗಿದ. "ಕೇಳ್ಕೊಳೋ ಸಿದ್ದ! ಕೇಳಿಸ್ತಾ?"

"ನಂಗ್ಯಾಕೆ ಹೇಳ್ತಿಯ? ಗೌಡ್ರು ಹೇಳ್ತಿರೋದು ನಿಂಗೆ!" ಎಂದ ಸಿದ್ದೇಗೌಡ.

ಚರ್ಚೆ ಹುಟ್ಟುವುದು ಆರೋಗ್ಯದ ಲಕ್ಷಣ ಎಂದುಕೊಂಡು ನಾನು ಕೈಯೆತ್ತಿದೆ. "ಒಬ್ಬ ಗಂಡಸು ಫೆನ್ಸಿಂಗಿನಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ, ಎದುರಿನವನು ಸುಮ್ಮನಿರಬಾರದು! ಅವನೂ ಒಂದು ಹೆಜ್ಜೆ ಮುಂದಿಡಬೇಕು! ಇದೇ ನಮ್ಮ ಹಿರಿಯರ ನೀತಿ!"

ಇದು ಉಸ್ತಾದರು ಕೋಳಿ ಸಾರಿನ ದಿನ ಹೇಳಿಕೊಟ್ಟ ವಾಕ್ಯ. ವರಾಂಡದಲ್ಲಿ ಇದರ ಪರಿಣಾಮ ಭಯಂಕರವಾಯಿತು. ಬೇಲಿಯನ್ನು ಒಂದು ಹೆಜ್ಜೆ ಮುಂದಿಟ್ಟವರೂ, ಅದನ್ನು ಕಂಡು ಸುಮ್ಮನಿದ್ದವರೂ ಒಟ್ಟಿಗೇ ಮಾತಾಡಲು ತೊಡಗಿದರು. "ಕಲ್ಲುಕಂಬ ಕಿತ್ತಿದ್ದು ನೀನು!" "ನಿಮ್ಮಪ್ಪ ಕಿತ್ತಿದ್ದು!" "ಹಲಸಿನ ಮರ ಯಾವ ಕಡೆ ಇತ್ತು ಹೇಳೋ!" ನಕ್ಷೆಗಳು ಬಿಚ್ಚಿಕೊಂಡವು. ಕತ್ತಿವರಸೆಗೂ ಹಲಸಿನ ಮರಕ್ಕೂ ಏನು ಸಂಬಂಧ ಎಂದು ನಾನು ತಬ್ಬಿಬ್ಬಾಗಿ ನಿಂತೆ.

"ಏನು ಹೇಳ್ತಾರೆ ಜನ?" ಎಂದು ದೊರೆ ಅನಂತಯ್ಯನನ್ನು ಕೇಳಿದ.

ಅನಂತಯ್ಯನಿಗೆ ಎಲ್ಲ ಅರ್ಥವಾಗಿತ್ತು. ತಾನು ಅಂಟಿಸಿದ ಕಾಗದವೂ ನೆನಪಾಗಿತ್ತು. ಅವನ ಮುಖ ಬಿಳಿಚಿತು. "ದೇ ಆರ್ ವೆರಿ ಫಾಂಡ್ ಆಫ್ ಫೆನ್ಸಿಂಗ್, ಸಾರ್," ಎಂದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಹಾಗಾದರೆ ಆಟ ತೋರಿಸಬೇಕು!" ಎಂದು ದೊರೆ ಎದ್ದುಬಿಟ್ಟ.

ನಾನು ಉಸ್ತಾದರ ಕಡೆ ತಿರುಗಿದೆ. ಆಡುವುದು ಅವರು, ನಾನು ಪಕ್ಕದಲ್ಲಿ ನಿಂತು ವಿವರಿಸುವುದು ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದೆ. ಅವರಿಗೆ ಹೇಳಿರಲಿಲ್ಲ, ಅಷ್ಟೆ. ಉಸ್ತಾದರು ಮುಂದಿನ ಸಾಲಿನ ಬೆತ್ತದ ಕುರ್ಚಿಯಲ್ಲಿ, ತೊಡೆಯ ಮೇಲೆ ಕೇಕಿನ ತಟ್ಟೆ ಇಟ್ಟುಕೊಂಡು ಕುಳಿತಿದ್ದರು.

"ಬನ್ನಿ ಉಸ್ತಾದ್ರೆ," ಎಂದೆ ಮೆಲ್ಲಗೆ.

"ಶಿವ ಶಿವ! ಶಿಷ್ಯ ಇರೋವಾಗ ಗುರು ಆಡಬಾರ್ದು. ವಿದ್ಯೆಗೆ ಅವಮಾನ," ಎಂದು ಅವರು ಇಡೀ ಸಭೆಗೆ ಕೇಳುವ ಹಾಗೆ ಹೇಳಿದರು. "ಹೆದರ್ಬೇಡಿ. ನಿಲುವು ನೆನಪಿದೆಯಲ್ಲ? ಸೊಂಟ ಕೆಳಗೆ!"

ದೊರೆ ಒಂದು ಜರಡಿ ಮುಖವಾಡವನ್ನು ನನಗೂ ಕೊಟ್ಟ. ಪೇಟ ತೆಗೆಯುವುದು ನಮ್ಮ ಮನೆತನಕ್ಕೆ ಮರ್ಯಾದೆಯಲ್ಲ. ಪೇಟದ ಮೇಲೆಯೇ ಹಾಕಿಕೊಂಡೆ. ಅದು ಹಣೆಯವರೆಗೆ ಬಂದು, ಮೂಗಿನ ಮೇಲೆ ಕೂರಲೊಲ್ಲೆ ಎಂದು ನಿಂತುಬಿಟ್ಟಿತು. ಒಂದು ಕಣ್ಣಿಗೆ ದೊರೆ ಕಾಣುತ್ತಿದ್ದ, ಇನ್ನೊಂದಕ್ಕೆ ಚರ್ಮದ ಪಟ್ಟಿ. ಉಸ್ತಾದರ ನಿಲುವಿನಲ್ಲಿ ನಿಂತು, ಜೈ ಎಂದು ಕತ್ತಿ ಹಿರಿದೆ.

ಕತ್ತಿ ಬರಲಿಲ್ಲ.

ಇನ್ನೊಮ್ಮೆ ಎಳೆದೆ. ಊಹೂಂ. ಕೊಟ್ಟಿಗೆಯಲ್ಲಿ ಎಷ್ಟೋ ಮಳೆಗಾಲ ಕಳೆದ ಕತ್ತಿಯೂ ಒರೆಯೂ ತುಕ್ಕಿನಲ್ಲಿ ಒಂದೇ ಜೀವವಾಗಿದ್ದವು. ತಿಂಗಳೆಲ್ಲ ಚರಿತ್ರೆ ಬರೆದ ನಾನು, ಕತ್ತಿ ಹೊರಗೆ ಬರುತ್ತದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ!

ನನ್ನ ಸಂಕಟ ನೋಡಲಾರದೆ ದೊರೆ ತನ್ನ ಕತ್ತಿಯನ್ನು ಕೆಳಗಿಟ್ಟು, ಬಂದು ಒರೆಯನ್ನು ನನ್ನ ಸೊಂಟದಿಂದ ಬಿಡಿಸಿ ಅದರ ತುದಿಯನ್ನು ಹಿಡಿದುಕೊಂಡ. ನಾನು ಈ ಕಡೆ ಎಳೆದೆ, ಅವನು ಆ ಕಡೆ ಎಳೆದ. ಇದೂ ಕತ್ತಿವರಸೆಯ ಒಂದು ಶಾಸ್ತ್ರವೆಂದು ತಿಳಿದ ದೊರೆಸಾನಿಯರು ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಉಬ್ಬಿ ನಾನು ಕುಲದೇವರನ್ನು ನೆನೆದು ಒಂದೇ ಸಲ ಜಗ್ಗಿದೆ. ಟಣ್ ಎಂದಿತು. ದೊರೆ ಹಿಂದಕ್ಕೆ ಹಾರಿ ಒಬ್ಬ ದೊರೆಸಾನಿಯ ಮಡಿಲಲ್ಲಿ ಕುಳಿತ. ನಾನು ಅಂಗಾತ ನೆಲಕ್ಕೆ ಬಿದ್ದೆ. ಹಿಡಿ ನನ್ನ ಕೈಯಲ್ಲಿತ್ತು. ಕತ್ತಿ ಒರೆಯ ಸಮೇತ ದೊರೆಯ ಕೈಯಲ್ಲಿತ್ತು!

ಏಳಬೇಕೆಂದುಕೊಂಡೆ. ಆಗ ತಿಳಿಯಿತು, ಬಿದ್ದ ರಭಸಕ್ಕೆ ಕಚ್ಚೆ ಕಳಚಿಹೋಗಿದೆ. ಏಳುವುದಕ್ಕೆ ಶಕ್ತಿ ನನ್ನಲ್ಲಿತ್ತು, ನನ್ನ ಪಂಚೆಯಲ್ಲಿರಲಿಲ್ಲ. ಅಷ್ಟು ಜನ ದೊರೆಸಾನಿಯರ ಮುಂದೆ ಎದ್ದು ನಿಂತು ನಾಡಿನ ಮಾನ ಕಳೆಯುವುದಕ್ಕಿಂತ ಮಲಗಿರುವುದೇ ಉಚಿತ ಎಂದು ಎರಡು ಕೈಯಲ್ಲೂ ಪಂಚೆ ಅವುಚಿಕೊಂಡು ಮಲಗಿದೆ.

ಅದೇ ಗಳಿಗೆಯಲ್ಲಿ ವರಾಂಡದ ಜಗಳ ಕಟ್ಟೆಯೊಡೆಯಿತು. ಊರಿನವರು ಒಳಗೆ ಕಾಲಿಡಬಾರದೆಂಬ ನಿಯಮ ಮುರಿದು ಮೊದಲು ಮಂಜೇಗೌಡ ಒಳಗೆ ನುಗ್ಗಿದ, ಅವನ ಬೆನ್ನಟ್ಟಿ ಸಿದ್ದೇಗೌಡ. ಇಬ್ಬರ ಕೈಯಲ್ಲೂ ಮಡಿಸಿದ ಕೊಡೆ. ಒಬ್ಬ ತಿವಿದ, ಇನ್ನೊಬ್ಬ ತಡೆದ. ಒಬ್ಬ ಬೀಸಿದ, ಇನ್ನೊಬ್ಬ ಬಗ್ಗಿದ. ಹೆಜ್ಜೆ ಮುಂದೆ, ಹೆಜ್ಜೆ ಹಿಂದೆ, ಎಡಕ್ಕೆ ನೆಗೆತ, ಬಲಕ್ಕೆ ತಿರುವು. ಎಲ್ಲವೂ ನಡೆದದ್ದು ನನ್ನ ದೇಹದ ಅತ್ತ ಇತ್ತ, ಕೆಲವೊಮ್ಮೆ ಮೇಲೆ. ಒಬ್ಬರ ಹೆತ್ತವರನ್ನು ಒಬ್ಬರು ಏರಿದ ದನಿಯಲ್ಲಿ ಸ್ಮರಿಸುತ್ತಿದ್ದರು.

"ಗೌಡ್ರೆ, ನೀವೇ ಹೇಳಿ! ಬೇಲಿ ಯಾರ್ದು?" ಎಂದು ಮಂಜೇಗೌಡ ತಿವಿಯುತ್ತಲೇ ಕೇಳಿದ.

"ಎಂಥ ಬೇಲಿ ಮಾರಾಯ?" ಎಂದು ನಾನು ಕೆಳಗಿನಿಂದ ಕೂಗಿದೆ.

"ಮತ್ತೆ ಇಷ್ಟು ಹೊತ್ತು ಹೇಳಿದ್ದೆಂತದು ನೀವು?" ಎಂದು ಸಿದ್ದೇಗೌಡ ಬಯ್ದ. ಆಗ ನನಗೆ ಎಲ್ಲ ಹೊಳೆಯಿತು. ಹೊಳೆದು ಏನು ಪ್ರಯೋಜನ? ಪಂಚೆ ಹಾಗೇ ಇತ್ತು.

ಟಾಪ್ಲಿ ದೊರೆ ಮಾತ್ರ ದೊರೆಸಾನಿಯ ಮಡಿಲಿನಿಂದ ಎದ್ದು ಕಣ್ಣರಳಿಸಿ ನೋಡುತ್ತಿದ್ದ. ಜೇಬಿನಿಂದ ಪೆನ್ಸಿಲ್ ತೆಗೆದ. "ಗೌಡ ಯಾಕೆ ಮಲಗಿದ್ದು?" ಎಂದು ಉಸ್ತಾದರನ್ನು ಕೇಳಿದ.

ಶಿಷ್ಯನ ಮಾನ ಕಾಯಲೋ, ತಮ್ಮ ಕೇಕು ಕಾಯಲೋ, ಉಸ್ತಾದರು ಒಂದು ಕ್ಷಣವೂ ತಡವರಿಸಲಿಲ್ಲ. "ಅದು ನಡುಮಧ್ಯಸ್ತಿಕೆ, ದೊರೆ. ಆಟಗಾರರ ಕಾಲು ಸರಿಯಾಗಿ ಬೀಳ್ತದಾ ಅಂತ ನೋಡಕ್ಕೆ ಮಧ್ಯಸ್ತ ಆದವನು ನೆಲದ ಮೇಲೆ ಮಲಗ್ಬೇಕು. ಪಾಳೆಯಗಾರರ ಕಾಲದ ಪದ್ಧತಿ."

ಅನಂತಯ್ಯ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಆ ದಿನ ಅವನು ತಪ್ಪಿಲ್ಲದೆ ಮಾಡಿದ ಅನುವಾದ ಅದೊಂದೇ.

ಕ್ಲಬ್ಬಿನ ಬಟ್ಲರನೂ ಇನ್ನಿಬ್ಬರೂ ಸೇರಿ ಗೌಡರಿಬ್ಬರನ್ನು ಬಿಡಿಸಿ ಹೊರಗೆ ಹಾಕಿದರು. ನನ್ನನ್ನು ಒಂದು ಮೇಜುಬಟ್ಟೆಯಲ್ಲಿ ಸುತ್ತಿ ಹಿಂಬಾಗಿಲಿನಿಂದ ಸಾಗಿಸಿದರು. ಉಸ್ತಾದರು ಅಲ್ಲಿಂದಲೇ ಕಳಸದ ಬಸ್ಸು ಹತ್ತಿದರು. ಹತ್ತುವಾಗ ಗುರುದಕ್ಷಿಣೆಯ ವಿಚಾರ ಎತ್ತಿದರು. ಕೋಳಿಗೂಡು ಖಾಲಿಯಾಗಿದೆ ಎಂದು ಹೇಳಿದ ಮೇಲೆ, ವಿದ್ಯೆಯನ್ನು ಮಾರಬಾರದು ಎಂದು ಅವರೇ ಹೇಳಿದರು.

ಮನೆಗೆ ಬಂದು ನಡೆದದ್ದನ್ನು ದೇವಮ್ಮನಿಗೆ ಒಂದಿಷ್ಟು ಅಲಂಕಾರ ಮಾಡಿ ಹೇಳಿದೆ. ಅವಳು ಅಲಂಕಾರವನ್ನೆಲ್ಲ ಬಿಟ್ಟು ಮೇಜುಬಟ್ಟೆಯನ್ನು ಮಾತ್ರ ನೋಡಿದಳು. ಒಗೆದು ಕೊಟ್ಟು ಕಳಿಸಬೇಕು ಎಂದಳು. ಆ ಮಳೆಗಾಲವೆಲ್ಲ ನನ್ನ ಮಂಡಿ ನೋಯುತ್ತಿತ್ತು, ಮಂಜೇಗೌಡನೂ ಸಿದ್ದೇಗೌಡನೂ ಇಬ್ಬರೂ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಒಂದು ವಿಷಯದಲ್ಲಾದರೂ ಅವರಿಬ್ಬರಿಗೆ ಒಮ್ಮತ ತಂದದ್ದು ನಾನೇ.

ಮಳೆ ಬಿಟ್ಟ ಮೇಲೆ ದೊರೆಯ ಪುಸ್ತಕ ಅಚ್ಚಾಗಿ ಬಂತು. ಅನಂತಯ್ಯನೇ ಒಂದು ಪ್ರತಿ ತಂದುಕೊಟ್ಟು, ಕಾಫಿಗೂ ನಿಲ್ಲದೆ ಹೋದ. ನಾನು ಜಗಲಿಯಲ್ಲಿ ಕುಳಿತು ಹಾಳೆ ತಿರುವಿದೆ. ದೊರೆ ಮಾತು ತಪ್ಪಿರಲಿಲ್ಲ. 'ದೇಶೀಯರ ಫೆನ್ಸಿಂಗ್' ಎಂದು ಒಂದು ಪೂರಾ ಅಧ್ಯಾಯವೇ ಇತ್ತು. ಆದರೆ ಅದು ಒಂದೇ ಪುಟದ್ದು. ದೇವಮ್ಮ ಪಕ್ಕಕ್ಕೆ ಬಂದು ಕುಳಿತಳು.

"ಕನ್ನಡದಲ್ಲಿ ಹೇಳಿ, ಎಂತ ಬರೆದವ್ರೆ?"

ನಾನು ಗಂಟಲು ಸರಿಮಾಡಿಕೊಂಡು ಅರ್ಥ ಹೇಳತೊಡಗಿದೆ. "ಈ ಬೆಟ್ಟಗಳ ಜನರಲ್ಲಿ ಬಹು ಪುರಾತನವೂ ರೋಮಾಂಚಕಾರಿಯೂ ಆದ ಒಂದು ಕತ್ತಿವರಸೆ ಇದೆ. ಅದನ್ನು ಕೊಡೆಗಳಿಂದ ಆಡುತ್ತಾರೆ."

"ಆಮೇಲೆ?"

"ಆಡುವವರು ಪರಸ್ಪರರ ಪೂರ್ವಿಕರನ್ನು ಭಕ್ತಿಯಿಂದ ಕೂಗಿ ಕರೆಯುತ್ತಾರೆ."

"ಅದು ನಿಜ. ಮುಂದೆ? ನಿಮ್ಮ ವಿಚಾರ ಇಲ್ವಾ?"

ಇತ್ತು. ಕೊನೆಯ ವಾಕ್ಯ ನನ್ನದೇ. ಹೆಸರು ಇರಲಿಲ್ಲ. ಅದನ್ನೂ ಓದಿದೆ: "ಆಟದ ತೀರ್ಪುಗಾರನು ಜರಿಪೇಟ ಧರಿಸಿದ ಒಬ್ಬ ಸ್ಥೂಲಕಾಯ. ಆತ ಪ್ರಾರಂಭದಿಂದ ಕೊನೆಯವರೆಗೂ, ಎರಡು ಕೈಯಲ್ಲೂ ತನ್ನ ವಸ್ತ್ರವನ್ನು ಹಿಡಿದುಕೊಂಡು, ನೆಲದ ಮೇಲೆ ಅಂಗಾತ ಮಲಗಿರತಕ್ಕದ್ದು."

ದೇವಮ್ಮ ಮುಖ ಆಚೆ ತಿರುಗಿಸಿಕೊಂಡಳು. ಅವಳ ಭುಜ ಮಾತ್ರ ಅಲುಗುತ್ತಿತ್ತು.

"ತೀರ್ಪುಗಾರ ಅಂದ್ರೆ ದೊಡ್ಡ ಮನುಷ್ಯನೇ ಅಲ್ದಾ?" ಎಂದಳು ಕೊನೆಗೆ, ಸೆರಗಿನಿಂದ ಕಣ್ಣೊರೆಸಿಕೊಂಡು.

"ಹೌದು."

"ಬಿಡಿ ಹಂಗಾರೆ. ಬೇರೆಯೋರು ಎದ್ದು ನಿಂತು ಬಡ್ಕೊಂಡ್ರೂ ಹೆಸರು ಬರಲ್ಲ. ನೀವು ಮಲ್ಕೊಂಡೇ ಪುಸ್ತಕಕ್ಕೆ ಬಂದ್ರಿ."

ನಮ್ಮ ಸೀಮೆಯ ಕತ್ತಿವರಸೆಯ ಬಗ್ಗೆ ಅಚ್ಚಿನಲ್ಲಿರುವ ಚರಿತ್ರೆ ಸದ್ಯಕ್ಕೆ ಇಷ್ಟೇ. ಮುಂದೆ ಯಾರಾದರೂ ವಿದ್ವಾಂಸರು ಇದನ್ನು ಓದಿ, ಆ ಮಹಾನುಭಾವ ತೀರ್ಪುಗಾರ ಯಾರಿರಬಹುದು ಎಂದು ಸಂಶೋಧನೆಗೆ ಹೊರಡಬಹುದು. ಅವರಲ್ಲಿ ನನ್ನದೊಂದೇ ವಿನಂತಿ. ದಯವಿಟ್ಟು ಪತ್ತೆ ಮಾಡಬೇಡಿ!